ಎಂಜಿನ್‌ನ ಹಿಂಬದಿಯ ಆಕ್ಸಿಜನ್ ಸೆನ್ಸರ್‌ಗೆ ಕೈ ಎಟುಕುತ್ತಿಲ್ಲ, ಬದಲಿಸುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಕಾರಿನಲ್ಲಿ ವಿ6 ಪೆಟ್ರೋಲ್ ಎಂಜಿನ್ ಅಡ್ಡಲಾಗಿ ಕುಳಿತಿದೆ. ಚೆಕ್ ಎಂಜಿನ್ ದೀಪ ಉರಿಯತೊಡಗಿದ ಮೇಲೆ ಸ್ಕ್ಯಾನರ್ ಜೋಡಿಸಿ ನೋಡಿದಾಗ ಪಿ0135 ಎಂಬ ಕೋಡ್ ಬಂದಿತು. ಬ್ಯಾಂಕ್ 1ರ (ಸಿಲಿಂಡರ್‌ಗಳ ಒಂದು ಸಾಲಿನ) ಮೊದಲ ಆಕ್ಸಿಜನ್ ಸೆನ್ಸರ್‌ಗೆ, ಅಂದರೆ ಎಂಜಿನ್‌ನ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಸಾಧನಕ್ಕೆ, ಸಂಬಂಧಿಸಿದ್ದು ಎಂಬುದಷ್ಟು ತಿಳಿಯಿತು. ಆದರೆ ಆ ಸೆನ್ಸರ್ ಎಂಜಿನ್ ಮತ್ತು ಫೈರ್‌ವಾಲ್‌ಗಳ (ಎಂಜಿನ್ ಕೋಣೆಗೂ ಪ್ರಯಾಣಿಕರ ಭಾಗಕ್ಕೂ ನಡುವಿನ ಗೋಡೆ) ನಡುವಿನ ಇಕ್ಕಟ್ಟಿನಲ್ಲಿ, ಹಿಂದಿನ ಎಗ್ಸಾಸ್ಟ್ ಮ್ಯಾನಿಫೋಲ್ಡ್‌ನ (ಹೊಗೆ ಹೊರಹೋಗುವ ಕೊಳವೆಗಳ ಜೋಡಣೆ) ಮೇಲಿದೆ. ಮೇಲಿನಿಂದ ಬೆರಳ ತುದಿ ತಾಗುತ್ತದೆಯೇ ಹೊರತು ಸ್ಪ್ಯಾನರ್ ತಿರುಗಿಸುವಷ್ಟು ಜಾಗವಿಲ್ಲ. ಇನ್‌ಟೇಕ್ ಮ್ಯಾನಿಫೋಲ್ಡ್ (ಎಂಜಿನ್‌ಗೆ ಗಾಳಿ ಒಯ್ಯುವ ಕೊಳವೆಗಳ ಜೋಡಣೆ) ಬಿಚ್ಚದೆ ಈ ಕೆಲಸ ಮುಗಿಸಲು ಸಾಧ್ಯವೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ಸ್ಪ್ಯಾನರ್ ಹಿಡಿಯುವ ಮೊದಲು ಒಂದು ವಿಷಯವನ್ನು ಖಚಿತಪಡಿಸಿಕೊಳ್ಳಿ. ಪಿ0135 ಹೇಳುವುದು ಸೆನ್ಸರ್‌ನ ಒಳಗಿರುವ ಹೀಟರ್‌ನ ಸರ್ಕ್ಯೂಟ್‌ನಲ್ಲಿ ದೋಷವಿದೆ ಎಂದು ಮಾತ್ರ. ಸೆನ್ಸರ್ ಕೆಟ್ಟಿದೆ ಎಂದು ಅದರ ಅರ್ಥವಲ್ಲ. ಹೀಟರ್‌ಗೆ ವಿದ್ಯುತ್ ಒದಗಿಸುವ ಫ್ಯೂಸ್ ಸುಟ್ಟಿದ್ದರೂ, ವೈರ್ ಮ್ಯಾನಿಫೋಲ್ಡ್‌ಗೆ ತಾಗಿ ಕರಗಿದ್ದರೂ ಇದೇ ಕೋಡ್ ಬರುತ್ತದೆ. ಇಷ್ಟು ಕಷ್ಟದ ಜಾಗದಲ್ಲಿರುವ ಬಿಡಿಭಾಗವನ್ನು ಊಹೆಯ ಮೇಲೆ ಬದಲಿಸಿ, ಕೊನೆಗೆ ತಪ್ಪು ಫ್ಯೂಸ್‌ನಲ್ಲಿತ್ತೆಂದು ತಿಳಿದರೆ ಬಹಳ ಬೇಸರವಾಗುತ್ತದೆ.

ಮೊದಲು ಫ್ಯೂಸ್ ನೋಡಿ. ಅದು ಸರಿಯಿದ್ದರೆ ಸೆನ್ಸರ್‌ನ ವೈರ್ ಹಿಡಿದು ಹೋಗಿ ಕನೆಕ್ಟರ್ ಎಲ್ಲಿದೆ ಎಂದು ಹುಡುಕಿ. ಸೆನ್ಸರ್ ಎಷ್ಟೇ ಮರೆಯಲ್ಲಿದ್ದರೂ ಕನೆಕ್ಟರ್ ಅನೇಕ ವಾಹನಗಳಲ್ಲಿ ಮೇಲಿನಿಂದಲೇ ಸಿಗುತ್ತದೆ. ಅದನ್ನು ಕಳಚಿ, ಸೆನ್ಸರ್ ಕಡೆಯ ತುದಿಯಲ್ಲಿ ಹೀಟರ್‌ನ ಎರಡು ಪಿನ್‌ಗಳ ನಡುವಿನ ರೋಧವನ್ನು ಮಲ್ಟಿಮೀಟರ್‌ನಿಂದ ಅಳೆಯಿರಿ. ನಾಲ್ಕು ವೈರ್‌ಗಳ ಸೆನ್ಸರ್‌ನಲ್ಲಿ ಒಂದೇ ಬಣ್ಣದ ಎರಡು ವೈರ್‌ಗಳು ಸಾಮಾನ್ಯವಾಗಿ ಹೀಟರ್‌ನವು. ತಣ್ಣಗಿರುವಾಗ ಕೆಲವೇ ಓಮ್ ತೋರಿಸಬೇಕು. ನಿಖರವಾದ ಮಿತಿ ನಿಮ್ಮ ಸರ್ವಿಸ್ ಮ್ಯಾನ್ಯುವಲ್‌ನಲ್ಲಿರುತ್ತದೆ. ಮೀಟರ್ ಏನನ್ನೂ ತೋರಿಸದಿದ್ದರೆ ಹೀಟರ್ ತಂತಿ ಒಳಗೆ ಕಡಿದಿದೆ, ಸೆನ್ಸರ್ ಬದಲಿಸಲೇಬೇಕು. ರೋಧ ಸರಿಯಿದ್ದರೆ ಇಗ್ನಿಷನ್ ಆನ್ ಮಾಡಿ, ವಾಹನದ ಕಡೆಯ ಕನೆಕ್ಟರ್‌ಗೆ 12 ವೋಲ್ಟ್ ಬರುತ್ತಿದೆಯೇ ಎಂದು ನೋಡಿ.

ಇನ್ನೊಂದು ಮಾತು. ಒಂದನೇ ಸಿಲಿಂಡರ್ ಇರುವ ಸಾಲೇ ಬ್ಯಾಂಕ್ 1. ಅದು ಹಲವು ಕಾರುಗಳಲ್ಲಿ ಫೈರ್‌ವಾಲ್ ಕಡೆಗಿರುತ್ತದೆ, ಎಲ್ಲದರಲ್ಲೂ ಅಲ್ಲ. ನಿಮ್ಮದರಲ್ಲಿ ಎಲ್ಲಿದೆ ಎಂದು ಮ್ಯಾನ್ಯುವಲ್ ನೋಡಿಯೇ ತೀರ್ಮಾನಿಸಿ.

ಎರಡನೆಯ ಉತ್ತರ

ಮೇಲಿನವರು ಹೇಳಿದ ಪರೀಕ್ಷೆಯ ನಂತರ ಸೆನ್ಸರ್‌ನದೇ ದೋಷವೆಂದಾದರೆ, ಇನ್‌ಟೇಕ್ ಬಿಚ್ಚುವ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ. ನಾನು ಇಂಥದೇ ವಿನ್ಯಾಸದ ಕಾರಿನಲ್ಲಿ ಕೆಳಗಿನಿಂದ ಈ ಕೆಲಸ ಮಾಡಿದ್ದೇನೆ. ಕಾರಿನ ಮುಂಭಾಗವನ್ನು ಎತ್ತಿ, ಎರಡೂ ಬದಿಯಲ್ಲಿ ಸ್ಟ್ಯಾಂಡ್ ಕೊಟ್ಟು, ಹಿಂದಿನ ಚಕ್ರಗಳಿಗೆ ಅಡ್ಡ ಇಟ್ಟ ಮೇಲೆಯೇ ಕೆಳಗೆ ಹೋಗಬೇಕು; ಜ್ಯಾಕ್ ಒಂದನ್ನೇ ನಂಬಿ ಯಾರೂ ಕಾರಿನ ಕೆಳಗೆ ಮಲಗಬಾರದು. ಕೆಳಗಿನ ಪ್ಲಾಸ್ಟಿಕ್ ಕವರ್ ಮತ್ತು ಮ್ಯಾನಿಫೋಲ್ಡ್‌ನ ಹೀಟ್ ಶೀಲ್ಡ್ ತೆಗೆದರೆ ಸೆನ್ಸರ್ ಕಣ್ಣಿಗೆ ಕಾಣುತ್ತದೆ. ಕನೆಕ್ಟರ್ ಅನ್ನು ಮೇಲಿನಿಂದ ಮೊದಲೇ ಕಳಚಿ, ಕ್ಲಿಪ್‌ನಿಂದ ಬಿಡಿಸಿ ವೈರನ್ನು ಕೆಳಕ್ಕೆ ಇಳಿಸಿಕೊಂಡಿರಿ.

ಸೆನ್ಸರ್‌ನ ಷಟ್ಕೋನ ಸಾಮಾನ್ಯವಾಗಿ 22 ಮಿ.ಮೀ. ಇರುತ್ತದೆ. ವೈರ್ ಹಾಯಲು ಪಕ್ಕದಲ್ಲಿ ಸೀಳಿರುವ ವಿಶೇಷ ಸಾಕೆಟ್ ದೊರೆಯುತ್ತದೆಯಾದರೂ, ಬಿಗಿಯಾಗಿ ಹಿಡಿದುಕೊಂಡ ಸೆನ್ಸರ್‌ನ ಮೇಲೆ ಬಲ ಹಾಕಿದಾಗ ಆ ಸೀಳು ಅಗಲವಾಗಿ ಸಾಕೆಟ್ ಜಾರುತ್ತದೆ, ಮೂಲೆಗಳು ಸವೆಯುತ್ತವೆ. ಹೊಸ ಸೆನ್ಸರ್ ಕೈಯಲ್ಲಿದ್ದು, ಅದರ ಕನೆಕ್ಟರ್ ಹಳೆಯದಕ್ಕೆ ಸರಿಹೊಂದುತ್ತದೆಂದು ಹೋಲಿಸಿ ನೋಡಿದ ಮೇಲೆ, ಹಳೆಯದರ ವೈರನ್ನು ಬುಡದಲ್ಲೇ ಕತ್ತರಿಸಿಬಿಡಿ. ಆಗ ಸೀಳಿಲ್ಲದ ರಿಂಗ್ ಸ್ಪ್ಯಾನರ್ ಅಥವಾ ಆಳವಾದ ಪೂರ್ಣ ಸಾಕೆಟ್ ಹಾಕಬಹುದು. ಎಂಜಿನ್ ಕೆಲವು ನಿಮಿಷ ಓಡಿಸಿ ಮ್ಯಾನಿಫೋಲ್ಡ್ ಬೆಚ್ಚಗಿರುವಾಗ ತಿರುಗಿಸಿದರೆ ಸುಲಭವಾಗಿ ಬಿಡುತ್ತದೆ.

ಮೂರನೆಯ ಉತ್ತರ

ಬೆಚ್ಚಗಿರುವಾಗ ಬಿಚ್ಚುವ ಸಲಹೆಯನ್ನು ತೆರೆದ ಜಾಗದಲ್ಲಿರುವ ಸೆನ್ಸರ್‌ಗೆ ನಾನೂ ಒಪ್ಪುತ್ತೇನೆ. ಆದರೆ ಮೊಣಕೈವರೆಗೆ ತೂರಿಸಬೇಕಾದ ಇಂಥ ಕಡೆ ಮುಂಗೈ ಸುಟ್ಟುಕೊಳ್ಳುವ ಅಪಾಯ ಹೆಚ್ಚು. ಹಿಂದಿನ ರಾತ್ರಿ ತಣ್ಣಗಿರುವಾಗ ಥ್ರೆಡ್‌ನ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಬೆಳಿಗ್ಗೆ ಮತ್ತೊಮ್ಮೆ ಹಾಕಿ ಪ್ರಯತ್ನಿಸಿ. ಸ್ವಲ್ಪ ಸಡಿಲವಾದ ಮೇಲೆ ಒಂದೇ ಸಮನೆ ಬಿಚ್ಚಬೇಡಿ. ತುಸು ಬಿಚ್ಚಿ, ತುಸು ಹಿಂದಕ್ಕೆ ಬಿಗಿದು, ಎಣ್ಣೆ ಹಾಕುತ್ತಾ ಹೊರತನ್ನಿ. ಹೀಗೆ ಮಾಡದಿದ್ದರೆ ಮ್ಯಾನಿಫೋಲ್ಡ್‌ನ ಥ್ರೆಡ್ ಕಿತ್ತು ಬರಬಹುದು. ಥ್ರೆಡ್ ಕೊಳೆಯಾಗಿದ್ದರೆ ಅದೇ ಅಳತೆಯ, ಹೆಚ್ಚಿನ ಕಾರುಗಳಲ್ಲಿ ಎಂ18×1.5, ಥ್ರೆಡ್ ಚೇಸರ್‌ನಿಂದ (ಥ್ರೆಡ್ ಶುಚಿಗೊಳಿಸುವ ಉಪಕರಣ) ಸ್ವಚ್ಛಗೊಳಿಸಿ.

ಹೊಸದನ್ನು ಕೂರಿಸುವಾಗ ಮೊದಲ ಕೆಲವು ಸುತ್ತುಗಳನ್ನು ಕೈಯಿಂದಲೇ ತಿರುಗಿಸಿ. ಥ್ರೆಡ್‌ಗೆ ಕಂಪನಿಯೇ ಆ್ಯಂಟಿ-ಸೀಜ್ (ಥ್ರೆಡ್ ಬಿಗಿಯಾಗಿ ಅಂಟಿಕೊಳ್ಳದಂತೆ ಹಚ್ಚುವ ಲೇಪ) ಹಚ್ಚಿ ಕಳುಹಿಸಿದ್ದರೆ ಮತ್ತೆ ಹಚ್ಚಬೇಡಿ. ರಂಧ್ರಗಳಿರುವ ತುದಿಗೆ ಎಣ್ಣೆ, ಗ್ರೀಸ್, ಅದರಲ್ಲೂ ಸಿಲಿಕೋನ್ ಸೋಕಲೇಬಾರದು. ಹಲವು ಸೆನ್ಸರ್‌ಗಳು ಹೋಲಿಕೆಗೆ ಬೇಕಾದ ಹೊರಗಾಳಿಯನ್ನು ವೈರ್‌ನ ಎಳೆಗಳ ನಡುವಿನಿಂದಲೇ ಎಳೆದುಕೊಳ್ಳುವುದರಿಂದ, ವೈರ್ ಕತ್ತರಿಸಿ ಬೆಸುಗೆ ಹಾಕಿ ಹಳೆಯ ಕನೆಕ್ಟರ್ ಜೋಡಿಸುವ ವಿಧಾನ ನನಗೆ ಸರಿಯೆನಿಸುವುದಿಲ್ಲ. ಕನೆಕ್ಟರ್ ಸಮೇತ ಬರುವುದನ್ನೇ ಕೊಳ್ಳಿ. ಬಿಗಿತ ಬಹುಪಾಲು 40ರಿಂದ 45 ನ್ಯೂಟನ್ ಮೀಟರ್ ಆಸುಪಾಸಿನಲ್ಲಿರುತ್ತದೆ. ನಿಮ್ಮ ಕಾರಿನ ಅಂಕಿಯನ್ನೇ ಪಾಲಿಸಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಫ್ಯೂಸ್ ಸರಿಯಿತ್ತು, ಕನೆಕ್ಟರ್‌ಗೆ ವೋಲ್ಟೇಜ್ ಬರುತ್ತಿತ್ತು, ಆದರೆ ಹೀಟರ್‌ನ ಪಿನ್‌ಗಳ ನಡುವೆ ಮೀಟರ್ ಏನನ್ನೂ ತೋರಿಸಲಿಲ್ಲ. ಆದ್ದರಿಂದ ಕೆಳಗಿನಿಂದ ಕೆಲಸಕ್ಕಿಳಿದೆ. ಎರಡು ಬಾರಿ ಎಣ್ಣೆ ಹಾಕಿದ ಮೇಲೂ ಸೆನ್ಸರ್ ಅಲುಗಲಿಲ್ಲ. ವೈರ್ ಕತ್ತರಿಸಿ ರಿಂಗ್ ಸ್ಪ್ಯಾನರ್ ಹಾಕಿ, ಅದಕ್ಕೆ ಇನ್ನೊಂದು ಸ್ಪ್ಯಾನರ್ ಕೊಕ್ಕೆಯಂತೆ ಸಿಕ್ಕಿಸಿ ಉದ್ದ ಮಾಡಿಕೊಂಡಾಗ ಒಂದು ಸದ್ದಿನೊಂದಿಗೆ ಬಿಟ್ಟುಕೊಂಡಿತು. ಬಿಚ್ಚುವುದಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಹೊಸ ವೈರನ್ನು ಮ್ಯಾನಿಫೋಲ್ಡ್‌ಗೆ ತಾಗದಂತೆ ಹಳೆಯ ದಾರಿಯಲ್ಲೇ ಮೇಲಕ್ಕೆ ತಂದು ಕ್ಲಿಪ್‌ಗೆ ಕೂರಿಸುವ ಕೆಲಸ. ಒಂದು ತೆಳುವಾದ ದಾರವನ್ನು ಮೊದಲು ಇಳಿಸಿ, ಅದಕ್ಕೆ ಕನೆಕ್ಟರ್ ಕಟ್ಟಿ ಎಳೆದುಕೊಂಡೆ. ಕೋಡ್ ಅಳಿಸಿ, ಎಂಜಿನ್ ತಣ್ಣಗಿರುವ ಸ್ಥಿತಿಯಿಂದ ಹಲವು ಬಾರಿ ಓಡಿಸಿದ್ದೇನೆ. ಹೀಟರ್‌ನ ಸ್ವಯಂಪರೀಕ್ಷೆ ಪೂರ್ಣಗೊಂಡಿದೆ ಎಂದು ಸ್ಕ್ಯಾನರ್ ತೋರಿಸುತ್ತಿದೆ, ದೀಪ ಮತ್ತೆ ಹತ್ತಿಲ್ಲ.