ಬೇಸ್‌ಬಾಲಿನ ‘ಹಿಟ್’ಗೆ ‘ಹೊಡೆತ’ ಅಂದರೆ ಸಾಕೇ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಬೇಸ್‌ಬಾಲ್ ದಿಗ್ಗಜ ಸ್ಟ್ಯಾನ್ ಮ್ಯೂಸಿಯಲ್ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ‘ಹಿಟ್’ ಅನ್ನುವ ಪದಕ್ಕೆ ನಿಮ್ಮ ಸಲಹೆ ಬೇಕು.

1941ರಿಂದ 1963ರವರೆಗೆ ಮ್ಯೂಸಿಯಲ್ ಆಡಿದ್ದು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡಕ್ಕೆ ಮಾತ್ರ. ನಡುವೆ 1945ರಲ್ಲಿ ನೌಕಾಪಡೆಯಲ್ಲಿದ್ದರು. ಒಟ್ಟು 3630 ಹಿಟ್. ತವರಿನಲ್ಲಿ 1815, ಹೊರಗೆ ಸರಿಯಾಗಿ ಅಷ್ಟೇ! ಇದನ್ನು ‘3630 ಹೊಡೆತ’ ಅಂತ ಬರೆದರೆ ಅರ್ಥ ಕೆಡುತ್ತದೆ. ನಮಗೆ ಬ್ಯಾಟಿನಿಂದ ಹೋದದ್ದೆಲ್ಲ ಹೊಡೆತವೇ. ಕ್ಯಾಚ್ ಆದರೂ ‘ಒಳ್ಳೇ ಹೊಡೆತ, ಪಾಪ, ನೇರ ಕೈಗೇ ಹೋಯ್ತು’ ಅಂತೀವಿ, ಅಲ್ವಾ? ಬೇಸ್‌ಬಾಲಿನಲ್ಲಿ ಹಾಗಲ್ಲ. ಹೊಡೆದವನು ಫೀಲ್ಡರುಗಳ ತಪ್ಪಿನ ನೆರವಿಲ್ಲದೆ, ಔಟಾಗದೆ ಬೇಸ್ (ಓಡಿ ಮುಟ್ಟಬೇಕಾದ ನೆಲೆ) ಮುಟ್ಟಿದರೆ ಮಾತ್ರ ಅದು ಹಿಟ್. ಬ್ಯಾಟಿಂಗ್ ಸರಾಸರಿಯೂ ಇದರ ಮೇಲೇ ನಿಂತಿದೆ. ಅವರ ಸರಾಸರಿ 0.331. ಕ್ರಿಕೆಟ್ ನೋಡಿ ಬೆಳೆದವರಿಗೆ ಇದು ಸೊನ್ನೆಗೆ ಸಮ ಅನ್ನಿಸಬಹುದು. ಲೆಕ್ಕಕ್ಕೆ ಬರುವ ಸಾವಿರ ಸರದಿಗೆ 331 ಹಿಟ್ ಅಂತ ಬಿಡಿಸಿ ಹೇಳಿದರೆ ಮಾತ್ರ ಅದರ ತೂಕ ತಿಳಿಯುತ್ತದೆ.

ಹಿಟ್‌ಗಳಲ್ಲೂ ಬಗೆಬಗೆ ಇವೆ: ಎರಡನೇ ಬೇಸ್ ಮುಟ್ಟಿದರೆ ಡಬಲ್, ಮೂರನೆಯದು ಮುಟ್ಟಿದರೆ ಟ್ರಿಪಲ್, ಎಲ್ಲ ಬೇಸ್ ಸುತ್ತಿ ಬಂದರೆ ಹೋಮ್ ರನ್. ಮ್ಯೂಸಿಯಲ್ ದೊಡ್ಡವರಾದದ್ದೇ ಅಲ್ಲಿ. ಎಡಗೈ ಆಟಗಾರ. ಕಾಲು ಜೋಡಿಸಿ, ಮಂಡಿ ಬಾಗಿಸಿ, ಚೆಂಡೆಸೆಯುವ ಪಿಚರ್‌ಗೆ ಬೆನ್ನು ಕಾಣುವಷ್ಟು ಮೈ ತಿರುಚಿ ನಿಲ್ಲುತ್ತಿದ್ದರು. 1948ರಲ್ಲಿ ಆ ವಿಚಿತ್ರ ಭಂಗಿಯಿಂದಲೇ 230 ಹಿಟ್ ಬಂದವು. ಅದರಲ್ಲಿ 46 ಡಬಲ್, 18 ಟ್ರಿಪಲ್, 39 ಹೋಮ್ ರನ್. ಸರಾಸರಿ, ಹಿಟ್, ಡಬಲ್, ಟ್ರಿಪಲ್ ಎಲ್ಲದರಲ್ಲೂ ಲೀಗಿಗೇ ಮೊದಲಿಗರು. ಹೋಮ್ ರನ್ನಿನಲ್ಲಿ ಮಾತ್ರ ಒಂದೇ ಒಂದು ಕಡಿಮೆ ಬಿತ್ತು. ಒಬ್ಬನೇ ಮನುಷ್ಯ ಇಷ್ಟು ಬಗೆಯಲ್ಲಿ ಹೊಡೆದದ್ದು ನನಗೆ ಈಗಲೂ ಬೆರಗು. ಆದರೂ ಇವರನ್ನು ‘ಆಲ್‌ರೌಂಡರ್’ ಅನ್ನಲು ಮನಸ್ಸಿಲ್ಲ. ನಮ್ಮಲ್ಲಿ ಹಾಗಂದರೆ ಬೌಲಿಂಗೂ ಸೇರುತ್ತದೆ. ಮ್ಯೂಸಿಯಲ್ ಪಿಚರ್ ಆಗಿ ಶುರು ಮಾಡಿದ್ದು ನಿಜ, ಆದರೆ 1940ರಲ್ಲಿ ಭುಜಕ್ಕೆ ಪೆಟ್ಟಾಗಿ ಅದು ಅಲ್ಲಿಗೇ ನಿಂತಿತು.

ಡಬಲ್, ಟ್ರಿಪಲ್ ಹಾಗೇ ಇರಲಿ, ಓದುಗರಿಗೆ ಕಷ್ಟವಾಗದು. ಹಿಟ್‌ಗೆ ಮಾತ್ರ ‘ದಕ್ಕಿದ ಹೊಡೆತ’ ಅನ್ನೋಣವೇ? ‘ಯಶಸ್ವಿ ಹೊಡೆತ’ಕ್ಕಿಂತ ಇದು ನನಗೆ ಹಿಡಿಸಿದೆ. ಅಥವಾ ‘ಸಿನಿಮಾ ಹಿಟ್ ಆಯ್ತು’ ಅನ್ನುವಾಗ ಗೆದ್ದ ಅರ್ಥ ಹೇಗೂ ಇದೆಯಲ್ಲ, ಹಿಟ್ ಅಂತಲೇ ಬಿಡೋಣವೇ?

ಇನ್ನೊಂದು ಮಾತು. ಚಿನ್ನಿದಾಂಡಿನಲ್ಲಿ ಯಾರ ಕೈಗೂ ಸಿಗದೆ ಹೋದ ಹೊಡೆತಕ್ಕೆ ನಿಮ್ಮ ಊರ ಕಡೆ ಬೇರೆ ಹೆಸರಿದೆಯೇ? ಇದ್ದರೆ ಊರು, ಜಿಲ್ಲೆ ಸಮೇತ ತಿಳಿಸಿ.