ಪ್ರಶ್ನೋತ್ತರ: ಪಠ್ಯ ಬೇರೆಡೆ ಇಟ್ಟು ವೆಕ್ಟರ್ ಮಾತ್ರ ಉಳಿಸಿದರೆ ಸದಸ್ಯರ ಗುಟ್ಟು ಉಳಿಯುತ್ತದೆಯೇ?

ಪ್ರಶ್ನೆ (ವಿರಾಜಪೇಟೆ): ಕಾಫಿ ಬೆಳೆಗಾರರ ಸಂಘವೊಂದರ ಸುಮಾರು 4,000 ಅರ್ಜಿಗಳನ್ನು ಕನ್ನಡದಲ್ಲೇ ಹುಡುಕುವ ಹಾಗೆ ಮಾಡಿದ್ದೇವೆ. ಸಾಲದ ಗಡುವು, ಜಮ್ಮಾ ಬಾಣೆಯ (ಕೊಡಗಿನ ವಂಶಪಾರಂಪರ್ಯ ಹಿಡುವಳಿ ಭೂಮಿಯ) ತಕರಾರು, ಆನೆ ದಾಳಿಯ ಪರಿಹಾರ, ಕೆಲವರ ಆಸ್ಪತ್ರೆ ಖರ್ಚು, ಎಲ್ಲವೂ ಅದರಲ್ಲಿವೆ. ಪಠ್ಯದ ಅರ್ಥವನ್ನು 768 ಸಂಖ್ಯೆಗಳ ಸಾಲಾಗಿ (ಅದೇ ವೆಕ್ಟರ್) ಬದಲಿಸುವ ಬಹುಭಾಷಾ ಮಾದರಿ, ವೆಕ್ಟರ್ ಇಟ್ಟು ಹುಡುಕುವ ಕ್ವಾಡ್ರಂಟ್ ತಂತ್ರಾಂಶ, ಕಚೇರಿಯದೇ ಯಂತ್ರ. ಮೂಲ ಪಠ್ಯ ಬೇರೆ ಕಡೆ ಇದೆ. "ಬರೀ ಸಂಖ್ಯೆ, ಯಾರಿಗೇನು ತಿಳಿದೀತು" ಎನ್ನುತ್ತಾರೆ ಸಮಿತಿಯವರು. ಸರಿಯೇ?

ಉತ್ತರ (ಭದ್ರತಾ ಇಂಜಿನಿಯರ್, ಮಡಿಕೇರಿ): ಸರಿಯಲ್ಲ. ವೆಕ್ಟರ್ ಎಂದರೆ ಹ್ಯಾಶ್ (ಪಠ್ಯದಿಂದ ತೆಗೆಯುವ, ಹಿಂದಕ್ಕೆ ತಿರುಗಿಸಲಾಗದ ಗುರುತು) ಅಲ್ಲ. ಹ್ಯಾಶ್‌ನಲ್ಲಿ ಒಂದಕ್ಷರ ಬದಲಾದರೆ ಎಲ್ಲವೂ ಬದಲು. ವೆಕ್ಟರ್‌ನಲ್ಲಿ ಅರ್ಥ ಹತ್ತಿರವಾದರೆ ಸಂಖ್ಯೆಯೂ ಹತ್ತಿರ. ನಿಮ್ಮ ಹುಡುಕಾಟ ನಡೆಯುವುದೂ ಕಳ್ಳನಿಗೆ ದಾರಿ ಸಿಗುವುದೂ ಇದೇ ಗುಣದಿಂದ. 2023ರಲ್ಲಿ ಬಂದ ವೆಕ್‌ಟುಟೆಕ್ಸ್ಟ್ ವಿಧಾನ ಒಂದು ವಾಕ್ಯವನ್ನು ಊಹಿಸಿ, ಅದನ್ನು ವೆಕ್ಟರ್ ಮಾಡಿ, ಕದ್ದ ವೆಕ್ಟರ್‌ಗೆ ಹೋಲಿಸಿ, ತಿದ್ದುತ್ತಾ ಹೋಗುತ್ತದೆ. 32 ಟೋಕನ್‌ನ (ಪದ ಅಥವಾ ಪದದ ತುಣುಕಿನ) ಇಂಗ್ಲಿಷ್ ಪಠ್ಯಗಳಲ್ಲಿ 92% ಅಕ್ಷರಶಃ ವಾಪಸ್ ಬಂದವು. ವೈದ್ಯಕೀಯ ಟಿಪ್ಪಣಿಗಳಿಂದ ರೋಗಿಗಳ ಪೂರ್ಣ ಹೆಸರೂ ಬಂತು.

ಕನ್ನಡಕ್ಕೆ ಅಷ್ಟು ನಿಖರತೆ ಬಾರದು ಎಂದು ನಿಶ್ಚಿಂತರಾಗಬೇಡಿ. ನಮ್ಮಂಥ ಸಣ್ಣ ಜಿಲ್ಲೆಯಲ್ಲಿ ಪಠ್ಯವನ್ನು ಮರಳಿ ಕಟ್ಟುವ ಅಗತ್ಯವೇ ಇಲ್ಲ. ಸದಸ್ಯರ ಪಟ್ಟಿ ಕೈಯಲ್ಲಿದ್ದರೆ 1,500 ಹೆಸರಿಗೆ 40 ವಿಷಯ ಜೋಡಿಸಿ ("ಇಂಥವರ ಡಯಾಲಿಸಿಸ್ ಖರ್ಚು") 60,000 ವಾಕ್ಯ ಮಾಡಿ, 4,000 ವೆಕ್ಟರ್‌ಗೆ ಹೋಲಿಸಿದರಾಯಿತು. 24 ಕೋಟಿ ಹೋಲಿಕೆ, ಸಾಧಾರಣ ಲ್ಯಾಪ್‌ಟಾಪ್‌ಗೆ ನಿಮಿಷಗಳ ಕೆಲಸ. ಮಾದರಿ ಮುಕ್ತವಾದದ್ದಾದರೆ ಅದು ಕಳ್ಳನ ಬಳಿಯೂ ಇರುತ್ತದೆ.

ಪ್ರಶ್ನೆ (ಕುಶಾಲನಗರ): ಹಾಗಾದರೆ ವೆಕ್ಟರ್‌ಗೆ ಗದ್ದಲ (ಯಾದೃಚ್ಛಿಕ ಸಣ್ಣ ಏರುಪೇರು) ಬೆರೆಸುವುದೋ, ಗುಪ್ತ ಮ್ಯಾಟ್ರಿಕ್ಸ್‌ನಿಂದ ತಿರುಗಿಸುವುದೋ?

ಉತ್ತರ: ತಿರುಗಿಸಿದರೆ ಹುಡುಕಾಟ ಒಂದಿಷ್ಟೂ ಕೆಡುವುದಿಲ್ಲ, ಕೊಸೈನ್ (ಎರಡು ವೆಕ್ಟರ್ ಎಷ್ಟು ಹತ್ತಿರ ಎಂಬ ಅಳತೆ, 1 ಎಂದರೆ ಒಂದೇ ದಿಕ್ಕು) ಹಾಗೇ ಉಳಿಯುತ್ತದೆ. ಆದರೆ 768 ಸ್ವತಂತ್ರ ಜೋಡಿ (ಗೊತ್ತಿರುವ ಪಠ್ಯ, ಅದರ ತಿರುಗಿಸಿದ ವೆಕ್ಟರ್) ಸಿಕ್ಕರೆ ಸರಳ ರೇಖೀಯ ಸಮೀಕರಣದಿಂದ ಮ್ಯಾಟ್ರಿಕ್ಸ್ ಹೊರಬೀಳುತ್ತದೆ. ವಾಟ್ಸಾಪ್‌ನಲ್ಲಿ ಯಾರು ಬೇಕಾದರೂ ಅರ್ಜಿ ಹಾಕಬಹುದಾದರೆ ಅಂಥ ಜೋಡಿಗಳನ್ನು ನೀವೇ ಒದಗಿಸಿದಂತೆ.

ಗದ್ದಲದ ಲೆಕ್ಕ ಹೀಗೆ: ಉದ್ದ 1ಕ್ಕೆ ತಂದ ವೆಕ್ಟರ್‌ನ ಪ್ರತಿ ಅಂಕಿಗೆ 0.01 ವಿಚಲನೆಯ ಗಾಸಿಯನ್ ಗದ್ದಲ ಸೇರಿಸಿದರೆ ಮೂಲದೊಂದಿಗಿನ ಕೊಸೈನ್ ಸುಮಾರು 0.96. ಹುಡುಕಾಟ ಬಹುಪಾಲು ಬದುಕುತ್ತದೆ, ಅಕ್ಷರಶಃ ಮರುಕಟ್ಟುವಿಕೆ ಚೆನ್ನಾಗಿ ಏಟು ತಿನ್ನುತ್ತದೆ. 0.1 ಹಾಕಿದರೆ ಕೊಸೈನ್ 0.34ಕ್ಕೆ ಇಳಿದು ಹುಡುಕಾಟ ಹಾಳಾಗುತ್ತದೆ. ಎಲ್ಲರೂ ಮಾಡುವ ತಪ್ಪು: ಪ್ರತಿ ಸಲ ಇಂಡೆಕ್ಸ್ ಮಾಡುವಾಗ ಹೊಸ ಗದ್ದಲ. ಹಳೆಯ 16 ಬ್ಯಾಕಪ್‌ಗಳ ಸರಾಸರಿ ತೆಗೆದರೆ ಗದ್ದಲ ಕಾಲು ಭಾಗಕ್ಕಿಳಿಯುತ್ತದೆ. ಪಠ್ಯ ಮತ್ತು ಗುಪ್ತ ಕೀಲಿಯಿಂದ ಎಚ್‌ಮ್ಯಾಕ್ (ಕೀಲಿ ಬೆರೆಸಿದ ಹ್ಯಾಶ್) ತೆಗೆದು ಅದನ್ನೇ ಗದ್ದಲ ಹುಟ್ಟಿಸುವ ಬೀಜವಾಗಿ ಬಳಸಿ. ಆಗ ಅದೇ ಪಠ್ಯಕ್ಕೆ ಸದಾ ಅದೇ ಗದ್ದಲ. ಆದರೂ ಮೇಲೆ ಹೇಳಿದ ಊಹೆಯ ದಾಳಿಗೆ 0.96 ಏನೇನೂ ಅಡ್ಡಿಯಲ್ಲ. ಅದಕ್ಕೇ ಹೆಸರು ವೆಕ್ಟರ್ ಆಗುವ ಮೊದಲೇ ಹೋಗಬೇಕು.

ಪ್ರಶ್ನೆ (ವಿರಾಜಪೇಟೆ): ಹೆಸರು ತೆಗೆಯಲು ರೆಜೆಕ್ಸ್ (ಪಠ್ಯದಲ್ಲಿ ನಮೂನೆ ಹುಡುಕುವ ಸೂತ್ರ) ಬರೆದಿದ್ದೇವೆ, ಅರ್ಧಂಬರ್ಧ ಹಿಡಿಯುತ್ತಿದೆ.

ಉತ್ತರ (ಡೇಟಾ ಇಂಜಿನಿಯರ್, ಗೋಣಿಕೊಪ್ಪ): ಪೈಥಾನ್‌ನ ಮೂಲ ರೆಜೆಕ್ಸ್ ಲೈಬ್ರರಿ ಕನ್ನಡದ ಗುಣಿತ ಚಿಹ್ನೆಯನ್ನು ಅಕ್ಷರವೆಂದು ಎಣಿಸುವುದಿಲ್ಲ. ಪದದ ಗಡಿ ಪದದ ಮಧ್ಯದಲ್ಲೇ ಬೀಳುತ್ತದೆ. ಗಡಿಯನ್ನು ಖಾಲಿ ಜಾಗ, ವಿರಾಮಚಿಹ್ನೆಗಳಿಂದ ನೀವೇ ಗುರುತಿಸಿ. "ಅವರಿಗೆ", "ಯವರ" ಮುಂತಾದ ಪ್ರತ್ಯಯಗಳನ್ನು ಕಳಚಿ ನೋಡಿ.

ಒಕ್ಕದ (ಕೊಡವರ ಕುಲ-ಮನೆತನದ) ಹೆಸರು ಮರೆಯಬೇಡಿ. ವ್ಯಕ್ತಿಯ ಹೆಸರು ಅಳಿಸಿ ಒಕ್ಕ ಮತ್ತು ಗ್ರಾಮ ಬಿಟ್ಟರೆ ಊರಿನವರಿಗೆ ಆಳು ಯಾರೆಂದು ಗೊತ್ತು. "ಂಡ" ಎಂದು ಮುಗಿಯುವುದನ್ನೆಲ್ಲ ಹಿಡಿಯಹೋದರೆ "ಗಂಡ", "ಕಂಡ" ಕೂಡ ಹೋಗುತ್ತವೆ. ಸದಸ್ಯರ ದಾಖಲೆಯಿಂದಲೇ ಒಕ್ಕಗಳ ಪಟ್ಟಿ ಮಾಡಿಕೊಳ್ಳಿ. ಆಧಾರ್ 12 ಅಂಕಿ, ಮೊಬೈಲ್ 10, ಸರ್ವೆ ನಂಬರ್, ಇವೂ ಹೋಗಬೇಕು. ೦ರಿಂದ ೯ರವರೆಗಿನ ಕನ್ನಡ ಅಂಕಿಗಳೂ ಬರುತ್ತವೆ. ತೆಗೆದ ಜಾಗದಲ್ಲಿ "ಸದಸ್ಯ", "ಗ್ರಾಮ" ಎಂದಷ್ಟೇ ಹಾಕಿ. ಹೆಸರಿನಿಂದ ಹುಡುಕುವುದಕ್ಕೆ ಸಾಮಾನ್ಯ ಟೇಬಲ್ ಸಾಕು, ಅದಕ್ಕೆ ವೆಕ್ಟರ್ ಯಾಕೆ?

ಉತ್ತರ (ಮಡಿಕೇರಿ): ಯಂತ್ರದ ಕಡೆಯೂ ನೋಡಿ. ಕ್ವಾಡ್ರಂಟ್ ಕೀಲಿಯಿಲ್ಲದೆಯೇ ಶುರುವಾಗುತ್ತದೆ. 6333, 6334 ಪೋರ್ಟ್ ಕಚೇರಿಯ ವೈಫೈಗೆ ತೆರೆದಿದ್ದರೆ ಮೇಲಿನದೆಲ್ಲ ವ್ಯರ್ಥ. ಎಪಿಐ ಕೀಲಿ (ಪ್ರವೇಶದ ಗುಪ್ತಪದ) ಹಾಕಿ, ಜೊತೆಗೆ ಟಿಎಲ್‌ಎಸ್ (ಜಾಲದಲ್ಲಿ ಹೋಗುವ ಮಾಹಿತಿಯ ಗೂಢಲಿಪೀಕರಣ); ಇಲ್ಲದಿದ್ದರೆ ಕೀಲಿ ಬಯಲಲ್ಲೇ ಹೋಗುತ್ತದೆ. ಹುಡುಕಾಟದ ಉತ್ತರದಲ್ಲಿ ವೆಕ್ಟರ್ ಕಳಿಸಬೇಡಿ. ಡಿಸ್ಕ್‌ಗೆ ಲಕ್ಸ್ (ಲಿನಕ್ಸ್‌ನ ಡಿಸ್ಕ್ ಬೀಗ) ಗೂಢಲಿಪೀಕರಣ ಇರಲಿ. ಮಳೆಗಾಲದಲ್ಲಿ ಕರೆಂಟ್ ಹೋಗುತ್ತದೆಂದು ಪೆನ್‌ಡ್ರೈವ್‌ಗೆ ತೆಗೆಯುವ ಸ್ನ್ಯಾಪ್‌ಶಾಟ್‌ಗೂ (ಇಡೀ ಸಂಗ್ರಹದ ಪ್ರತಿಗೂ) ಅದೇ ನಿಯಮ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಂತೆ ಒಪ್ಪಿಗೆ ಹಿಂಪಡೆದವರ ಮಾಹಿತಿ ಅಳಿಸಬೇಕು. ಕ್ವಾಡ್ರಂಟ್ ಅಳಿಸಿದ್ದಕ್ಕೆ ಮೊದಲು ಗುರುತು ಮಾತ್ರ ಹಾಕುತ್ತದೆ. ಒಂದು ಸೆಗ್ಮೆಂಟಿನ (ಸಂಗ್ರಹದ ಒಂದು ತುಂಡಿನ) 20% ಅಳಿದು, ಅದರಲ್ಲಿ ಕನಿಷ್ಠ 1,000 ವೆಕ್ಟರ್ ಇದ್ದರೆ ಮಾತ್ರ ನಿಜವಾದ ಗುಡಿಸುವಿಕೆ. 4,000ದ ಸಂಗ್ರಹ ಹಲವು ಸೆಗ್ಮೆಂಟಿಗೆ ಹಂಚಿಹೋಗಿದ್ದರೆ ಆ ಮಿತಿ ಮುಟ್ಟದೇ ಇರಬಹುದು. ಇಷ್ಟು ಸಣ್ಣದಕ್ಕೆ ತಿಂಗಳಿಗೊಮ್ಮೆ ಹೊಸ ಸಂಗ್ರಹ ಕಟ್ಟಿ ಹಳೆಯದನ್ನು ಕೈಬಿಡುವುದೇ ಸುಲಭ, ಸ್ನ್ಯಾಪ್‌ಶಾಟ್ ಸಮೇತ.