ಒಂದು ಸಾವಿಗೆ ಒಂದು ವಾರ

2020ರ ಮೇ 1ರ ಬೆಳಿಗ್ಗೆ ಆರೂವರೆಗೆ ಮೈಸೂರಿನ ಅತ್ತೆ ನಮ್ಮ ಕುಟುಂಬದ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು. ಅವತ್ತಿನ ಮಾತುಕತೆಯನ್ನು ನಾನು ಇನ್ನೂ ಅಳಿಸಿಲ್ಲ. ಮೊನ್ನೆ ಮತ್ತೆ ತೆಗೆದು ಓದಿದೆ. ಆ ಬರಹವನ್ನು ಯಾರೂ ಪೂರ್ತಿ ಓದಲಿಲ್ಲ ಅನ್ನುವ ಬೇಸರ ಈಗಲೂ ಹೋಗಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅದರ ತಲೆಯಲ್ಲಿ ದಪ್ಪ ಅಕ್ಷರದಲ್ಲಿ ಹೀಗಿತ್ತು: “ವಿಶ್ವದಾಖಲೆ! ಏಪ್ರಿಲ್ 16ರಂದು 7.7 ಕೋಟಿ ಜನ ರಾಮಾಯಣ ನೋಡಿದರು! ಜಗತ್ತಿನಲ್ಲೇ ಅತಿ ಹೆಚ್ಚು ಜನ ನೋಡಿದ ಧಾರಾವಾಹಿ! ಎಲ್ಲರಿಗೂ ಕಳಿಸಿ!” ಕೊರೋನಾ ಲಾಕ್‌ಡೌನ್‌ನಲ್ಲಿ ದೂರದರ್ಶನದವರು 1987ರ ರಾಮಾಯಣ ಧಾರಾವಾಹಿಯನ್ನು ಮತ್ತೆ ಹಾಕಿದ್ದರು, ಅದರ ಸುದ್ದಿ ಇದು. ಆ ಸಾಲುಗಳ ಕೆಳಗೆ ‘ಇನ್ನಷ್ಟು ಓದಿ’ ಅಂತ ಇತ್ತು. ಅದನ್ನು ಒತ್ತಿದರೆ ಉದ್ದನೆಯ ಬರಹ ತೆರೆದುಕೊಳ್ಳುತ್ತಿತ್ತು. ಹೆಸರು ಇಲ್ಲದ ಯಾರೋ ವೀಕ್ಷಕರು ಯುದ್ಧದ ವಾರದ ಕಂತುಗಳನ್ನು ನೋಡಿ ತಮಗೆ ಅನಿಸಿದ್ದನ್ನು ಬರೆದಿದ್ದರು. ಮೇಲಿನ ಸಾಲುಗಳನ್ನು ಬೇರೆ ಯಾರೋ ಆಮೇಲೆ ಅಂಟಿಸಿದ್ದರು. ಅದು ಓದಿದ ಕೂಡಲೇ ಗೊತ್ತಾಗುತ್ತದೆ, ಆದರೆ ಓದಬೇಕಲ್ಲ.

ಅತ್ತೆ ಅದರ ಜೊತೆ ತಮ್ಮ ಮಾತನ್ನೂ ಸೇರಿಸಿದ್ದರು. “ನಾನು ಯಾವಾಗಿನಿಂದ ಹೇಳ್ತಿದ್ದೀನಿ, ಜನಕ್ಕೆ ಈಗಿನ ಧಾರಾವಾಹಿ ಬೇಡ. ಅತ್ತೆ ಸೊಸೆ ವಿಷ ಹಾಕೋದೇ ಆಯ್ತು. ನೋಡಿ, ಹಳೇದು ಹಾಕಿದ ತಕ್ಷಣ ಇಡೀ ದೇಶ ಕೂತು ನೋಡಿದೆ.”

ಹತ್ತು ನಿಮಿಷದಲ್ಲಿ ಬೆಂಗಳೂರಿನ ಭಾವ ಬಂದರು. ಅವರು ದೊಡ್ಡಪ್ಪನ ಅಳಿಯ. “ಇದಕ್ಕೆ ಆಧಾರ ಏನು?”

“ದೂರದರ್ಶನದವರೇ ನಿನ್ನೆ ಹೇಳಿದ್ದಾರೆ” ಅಂದರು ಅತ್ತೆ.

“ಹೇಳಿದ್ದು ನಿಜ. ದಾಖಲೆ ಅನ್ನೋದು ನಿಜವಾ? ಅಮೆರಿಕದಲ್ಲಿ 1983ರ ಫೆಬ್ರವರಿಯಲ್ಲಿ ‘ಮ್ಯಾಶ್’ ಅನ್ನೋ ಧಾರಾವಾಹಿಯ ಕೊನೆಯ ಕಂತನ್ನು ಸುಮಾರು 10.6 ಕೋಟಿ ಜನ ನೋಡಿದ್ದರು. 7.7 ದೊಡ್ಡದಾ, 10.6 ದೊಡ್ಡದಾ? ಅದೂ ಅಲ್ಲದೆ ಈ ಲೆಕ್ಕವನ್ನು ಟಿವಿ ನೋಡುವವರ ಲೆಕ್ಕ ಇಡೋ ಬಾರ್ಕ್ ಸಂಸ್ಥೆಯವರು ಮನೆಮನೆಗೆ ಹೋಗಿ ಎಣಿಸಿದ್ದಲ್ಲ. ದೇಶದಲ್ಲೆಲ್ಲ ಸೇರಿ 40 ಸಾವಿರಕ್ಕೂ ಸ್ವಲ್ಪ ಜಾಸ್ತಿ ಮನೆಗಳಲ್ಲಿ ಮೀಟರ್ ಇಟ್ಟಿರ್ತಾರೆ. ಅದರ ಮೇಲೆ ಅಂದಾಜು ಮಾಡ್ತಾರೆ.”

ಭಾವ ಹೇಳಿದ್ದು ಸರಿ. ಆ ದಾಖಲೆಯ ಮಾತು ನಿಲ್ಲುವಂಥದ್ದಲ್ಲ. ಆದರೆ ಅತ್ತೆಗೆ ಅದು ತಮ್ಮ ಮಾತನ್ನೇ ತಳ್ಳಿಹಾಕಿದ ಹಾಗೆ ಕೇಳಿಸಿತು. “ನಿಮಗೆ ಎಲ್ಲದರಲ್ಲೂ ಅಮೆರಿಕವೇ ದೊಡ್ಡದು” ಅಂತ ಬರೆದರು. ಹಿಂದೆ ಅರಿಶಿನದ ಕಷಾಯದ ಫಾರ್ವರ್ಡಿಗೂ ಭಾವ ಹೀಗೇ ಅಡ್ಡ ಮಾತಾಡಿದ್ದರು ಅಂತ ಅದನ್ನೂ ಎಳೆದು ತಂದರು.

ಆಗ ದೊಡ್ಡಪ್ಪ ಬಂದರು. ಅವರು ನಿವೃತ್ತ ಮೇಷ್ಟ್ರು. ಅವರ ಸಂದೇಶದಲ್ಲಿ ಪೂರ್ಣವಿರಾಮವೂ ತಪ್ಪುವುದಿಲ್ಲ.

“ಅಳಿಯಂದಿರೇ, ರಾಮನಿಗೆ ಮೀಟರ್ ಬೇಕಿಲ್ಲ. 1987ರಲ್ಲಿ ಶಿವಮೊಗ್ಗದ ನಮ್ಮ ಮನೆಯಲ್ಲಿ ಒಂದು ಟಿವಿಗೆ ಎಪ್ಪತ್ತು ಜನ ಕೂತಿದ್ದೇವೆ. ಅದನ್ನು ಯಾರು ಎಣಿಸಿದ್ದರು?”

ಈ ಮಾತು ನನಗೆ ಇಷ್ಟವಾಯಿತು. ನಿಜ ತಾನೇ? ಆಗಿನ ಪ್ರೇಕ್ಷಕರ ಲೆಕ್ಕ ಹಿಡಿಯುವುದು ಬಹಳ ಕಷ್ಟ. ಒಂದು ಪೆಟ್ಟಿಗೆಯ ಮುಂದೆ ಇಡೀ ಬೀದಿ ಇರುತ್ತಿತ್ತು.

ಅಷ್ಟು ಸಾಕಾಯಿತು ಅಮೆರಿಕದ ಅಕ್ಕನಿಗೆ. ಅವಳಿಗೆ ಅಲ್ಲಿ ರಾತ್ರಿ. ಹಳೇ ನೆನಪು ಬಂದರೆ ಅವಳು ನಿದ್ದೆ ಮಾಡುವವಳಲ್ಲ. ಸಾಲು ಸಾಲು ಸಂದೇಶ ಬಂತು. ಭಾನುವಾರ ಒಂಬತ್ತೂವರೆ. ಟಿವಿಗೆ ಎಳೆಯುವ ಮರದ ಬಾಗಿಲು. ಅಜ್ಜಿ ಶೀರ್ಷಿಕೆ ಹಾಡು ಶುರುವಾದ ಕೂಡಲೇ ಪರದೆಗೆ ಕರ್ಪೂರ ಬೆಳಗುತ್ತಿದ್ದುದು. ದೊಡ್ಡಮ್ಮ ಒಗ್ಗರಣೆ ಅವಲಕ್ಕಿ ಮಾಡಿ ಸಾಲದೆ ಮತ್ತೆ ಮಾಡುತ್ತಿದ್ದುದು. ಅಕ್ಕ ಆಗ ಹಿಂದಿ ಮಧ್ಯಮಾ ಪರೀಕ್ಷೆಗೆ ಓದುತ್ತಿದ್ದಳು. ಹಾಗಾಗಿ ಎಲ್ಲರಿಗೂ ಕನ್ನಡದಲ್ಲಿ ಹೇಳುವ ಕೆಲಸ ಅವಳದು. ಅಜ್ಜಿಗೆ ಅದು ಬೇಕಿರಲಿಲ್ಲ. ಹರಿಕಥೆ, ತಾಳಮದ್ದಲೆ ಕೇಳಿ ಬೆಳೆದವರು. ಅಕ್ಕ ತಪ್ಪು ಹೇಳಿದರೆ ಹಿಂದಿ ಬಾರದ ಅಜ್ಜಿಯೇ ತಿದ್ದುತ್ತಿದ್ದರು.

“ಕಿಟಕಿ ಸರಳು ಹಿಡ್ಕೊಂಡು ಹೊರಗೆ ನಿಂತು ನೋಡ್ತಿದ್ದವರೂ ಇದ್ದರು. ಎಷ್ಟು ಚೆಂದದ ದಿನಗಳು” ಅಂತ ಮುಗಿಸಿದಳು.

ಇದಾದ ಮೇಲೆ ಭದ್ರಾವತಿಯ ಚಿಕ್ಕಪ್ಪ ಬರೆದರು. ಅವರು ಗುಂಪಿನಲ್ಲಿ ಬರೆಯುವುದು ಅಪರೂಪ.

“ಹೊರಗೆ ನಿಂತವರಲ್ಲಿ ನಿಮ್ಮ ಚಿಕ್ಕಮ್ಮನೂ ಇದ್ದಳು. ಕೈಯಲ್ಲಿ ಕೂಸು. ರಾವಣ ಸಾಯುವ ವಾರ. ಒಳಗೆ ಜಾಗ ಇಲ್ಲ ಅಂತ ಬಾಗಿಲು ಹಾಕಿದ್ದರು.”

ಸ್ವಲ್ಪ ಹೊತ್ತು ಯಾರೂ ಏನೂ ಬರೆಯಲಿಲ್ಲ. ಆಮೇಲೆ ಚಿಕ್ಕಪ್ಪನ ಮಗಳೇ ಕೇಳಿದಳು, “ಆ ಕೂಸು ನಾನಾ ಅಪ್ಪ?” ಅದಕ್ಕೂ ಉತ್ತರ ಬರಲಿಲ್ಲ.

“ಮೂವತ್ತೆರಡು ವರ್ಷದ ಹಿಂದಿನ ಮಾತನ್ನು ಈಗ ಎತ್ತಬಾರದು. ರಾಮಾಯಣದಿಂದ ನಾವು ಕಲಿಯಬೇಕಾದದ್ದು ಸಹೋದರ ಪ್ರೀತಿ. ಭರತನನ್ನು ನೋಡಿ” ಅಂದರು ದೊಡ್ಡಪ್ಪ.

ಚಿಕ್ಕಪ್ಪನ ಉತ್ತರ ತಕ್ಷಣ ಬಂತು. “ಭರತ ಅಣ್ಣನನ್ನು ಹುಡುಕಿಕೊಂಡು ಕಾಡಿಗೆ ಹೋದ. ಭದ್ರಾವತಿ ಕಾಡಲ್ಲ ಅಣ್ಣ. 16ನೇ ತಾರೀಕು ನಮ್ಮ ಮನೆಯಲ್ಲಿ ಏನಾಯ್ತು ಅಂತ ಇಲ್ಲಿ ಯಾರಿಗಾದರೂ ನೆನಪಿದೆಯಾ?”

ನನಗೆ ಎದೆ ಧಸಕ್ಕೆಂದಿತು. ಏಪ್ರಿಲ್ 16. ಚಿಕ್ಕಮ್ಮನ ಅಮ್ಮ ತೀರಿಕೊಂಡ ದಿನ. ಬೆಳಿಗ್ಗೆಯಿಂದ ನಾವೆಲ್ಲ ಅದೇ ತಾರೀಕನ್ನು ಹಿಡಿದು ಕೋಟಿ ಎಷ್ಟು ಅಂತ ಜಗಳವಾಡುತ್ತಿದ್ದೆವು. ಒಬ್ಬರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಆ ಸುದ್ದಿ ಬಂದ ದಿನ ಗುಂಪಿನಲ್ಲಿ ಹತ್ತೊಂಬತ್ತು ಜನ ‘ಓಂ ಶಾಂತಿ’ ಅಂತ ಹಾಕಿದ್ದೆವು. ದೊಡ್ಡಪ್ಪ ಎರಡು ಕೈಮುಗಿದ ಚಿತ್ರ ಹಾಕಿದ್ದರು. ಅಂತ್ಯಕ್ರಿಯೆಗೆ ಇಪ್ಪತ್ತಕ್ಕಿಂತ ಜಾಸ್ತಿ ಜನ ಸೇರುವಂತಿಲ್ಲ ಅನ್ನುವ ನಿಯಮ ಇತ್ತು. ಹೋಗುವುದು ಕಷ್ಟವಿತ್ತು, ಒಪ್ಪುತ್ತೇನೆ. ಫೋನ್ ಮಾಡುವುದು ಕಷ್ಟವಿರಲಿಲ್ಲ.

ಅದಾದ ಮೇಲೆ ಮಾತು ದಿಕ್ಕಾಪಾಲಾಯಿತು. ಭಾವ ಲಾಕ್‌ಡೌನ್ ಪಾಸಿನ ನಿಯಮ ವಿವರಿಸಿದರು. ಯಾರ ಮದುವೆಗೆ ಯಾರು ಬರಲಿಲ್ಲ ಅನ್ನುವುದೂ ಬಂತು. “ನಾನು ಒಂದು ಒಳ್ಳೆಯ ಸುದ್ದಿ ಹಾಕಿದ್ದೇ ತಪ್ಪಾಯ್ತು” ಅಂತ ಅತ್ತೆ ಗುಂಪು ಬಿಟ್ಟರು. ಅಕ್ಕ ಅವರನ್ನು ಮತ್ತೆ ಸೇರಿಸಿದಳು.

ಏನು ಬರೆಯುವುದು ಅಂತ ತಿಳಿಯದೆ ನಾನು ಮೇಲಕ್ಕೆ ಹೋಗಿ ಆ ಫಾರ್ವರ್ಡನ್ನು ತೆರೆದೆ. ಆಗಲೇ ಮೊದಲ ಸಲ ‘ಇನ್ನಷ್ಟು ಓದಿ’ ಒತ್ತಿದ್ದು.

ಬರೆದವರು ಹೆಂಗಸೋ ಗಂಡಸೋ ಗೊತ್ತಾಗಲಿಲ್ಲ. 1987ರಲ್ಲಿ ನೋಡಿದ್ದನ್ನು ಈಗ ಮಗನ ಜೊತೆ ಕೂತು ಮತ್ತೆ ನೋಡಿದವರು. ಬಾಣಕ್ಕೆ ಬಾಣ ಆಕಾಶದಲ್ಲಿ ಡಿಕ್ಕಿ ಹೊಡೆಯುವುದನ್ನು ನೋಡಿ ಮಗ ನಕ್ಕನಂತೆ. ಅವರಿಗೂ ಅದು ಈಗ ಉದ್ದ ಅನಿಸಿತಂತೆ. ಇಲ್ಲಿ ನನಗೆ ಅವರ ಮಾತು ಒಪ್ಪಿಗೆಯಿಲ್ಲ. ಚಿಕ್ಕವಳಿದ್ದಾಗ ಆ ಬಾಣಗಳಿಗಾಗಿಯೇ ನಾನು ಉಸಿರು ಬಿಗಿಹಿಡಿದು ಕೂತಿರುತ್ತಿದ್ದೆ. ಯಾವ ಬಾಣ ಗೆಲ್ಲುತ್ತದೆ ಅಂತ ಗೊತ್ತಿದ್ದೂ ಭಯವಾಗುತ್ತಿತ್ತು. ಮಂಡೋದರಿಗೆ ಇನ್ನೂ ಸ್ವಲ್ಪ ಮಾತು ಕೊಡಬೇಕಿತ್ತು ಅಂತ ಬರೆದಿದ್ದರು, ಅದು ಸರಿ.

ಆದರೆ ಅವರು ಹೆಚ್ಚು ಬರೆದದ್ದು ಕುಂಭಕರ್ಣನ ಬಗ್ಗೆ. ಎದ್ದ ಕೂಡಲೇ ಅವನು ಅಣ್ಣನಿಗೆ ನೀನು ಮಾಡಿದ್ದು ತಪ್ಪು ಅನ್ನುತ್ತಾನೆ. ಬುದ್ಧಿ ಹೇಳುತ್ತಾನೆ. ಕೇಳದಿದ್ದಾಗ ಅಣ್ಣನಿಗಾಗಿ ಯುದ್ಧಕ್ಕೆ ಹೋಗುತ್ತಾನೆ. ವಿಭೀಷಣ ಬಿಟ್ಟು ಹೋದ, ಇವನು ಉಳಿದ. ಸುದ್ದಿ ಬಂದಾಗ ರಾವಣನ ಪಾತ್ರ ಮಾಡಿದ ಅರವಿಂದ್ ತ್ರಿವೇದಿ ಅವರ ಮುಖ ನೋಡಿ ಅಂತ ಬರೆದಿದ್ದರು. ಅಷ್ಟು ಹೊತ್ತು ಅಬ್ಬರಿಸಿದ ಮನುಷ್ಯ ತಮ್ಮನಿಗಾಗಿ ಕುಸಿಯುವುದನ್ನು ನೋಡಿ ಅಂತ.

ಆಮೇಲಿನ ಭಾಗವನ್ನು ಅವರ ಮಾತಿನಲ್ಲೇ ಕೊಡುತ್ತೇನೆ:

“ಆಗ 78 ಕಂತು ಮುಗಿಯಲು ಒಂದೂವರೆ ವರ್ಷ ಬೇಕಾಯಿತು. ಈಗ ಮಾರ್ಚ್ 28ಕ್ಕೆ ಶುರುವಾಗಿ ಏಪ್ರಿಲ್ 18ಕ್ಕೆ ಮುಗಿಯಿತು. ಬೆಳಿಗ್ಗೆ ಒಂಬತ್ತಕ್ಕೆ, ರಾತ್ರಿ ಒಂಬತ್ತಕ್ಕೆ. ಆಗ ಭಾನುವಾರ ಒಬ್ಬ ವೀರ ಸತ್ತರೆ ಮುಂದಿನ ಭಾನುವಾರದವರೆಗೆ ಸಮಯ ಇರುತ್ತಿತ್ತು. ನಲ್ಲಿ ಹತ್ತಿರ ಹೆಂಗಸರು ಅವನ ಬಗ್ಗೆಯೇ ಮಾತಾಡುತ್ತಿದ್ದರು. ರಾಕ್ಷಸನಾದರೂ ಎಷ್ಟು ಒಳ್ಳೆಯವನು ಅನ್ನುತ್ತಿದ್ದರು. ಒಂದು ಸಾವಿಗೆ ಒಂದು ವಾರ ಸಿಗುತ್ತಿತ್ತು. ಈಗ ಬೆಳಿಗ್ಗೆ ಒಬ್ಬ ಬಿದ್ದರೆ ರಾತ್ರಿ ಊಟಕ್ಕೆ ಮೊದಲು ಇನ್ನೊಬ್ಬ. ರಾವಣ ಪರದೆಯ ಮೇಲೆ ಅಳುತ್ತಾನೆ, ಅವನ ಜೊತೆ ಕೂರಲು ನಮಗೆ ಪುರುಸೊತ್ತಿಲ್ಲ. ಹೊರಗೆ ಊರಲ್ಲೂ ಹಾಗೇ ಆಗಿದೆ. ಸಾವಿನ ಮನೆಗೆ ಹೋಗುವ ಹಾಗಿಲ್ಲ. ನಾಳೆ ಬೆಳಿಗ್ಗೆ ಇನ್ನೊಂದು ಸಂಖ್ಯೆ ಬರುತ್ತದೆ.”

ನಾನು ಇದನ್ನು ಮೂರು ಸಲ ಓದಿದೆ. ಇಂಥ ಬರಹದ ತಲೆಯ ಮೇಲೆ ಯಾರೋ 7.7 ಕೋಟಿ ಅನ್ನುವ ಇನ್ನೊಂದು ಸಂಖ್ಯೆ ತಂದು ಕೂರಿಸಿದ್ದರು. ಹಾಗೆ ಮಾಡಿದ್ದರಿಂದಲೇ ಅದು ಮನೆಮನೆ ಸುತ್ತಿ ನಮ್ಮವರೆಗೂ ಬಂತು ಅನ್ನುವುದೂ ನಿಜ. ನನಗೆ ಅದನ್ನು ಒಪ್ಪಿಕೊಳ್ಳಲು ಕಷ್ಟವಾಗುತ್ತದೆ.

ಮೇಲಿನ ಸಾಲುಗಳನ್ನು ತೆಗೆದು, ಕೆಳಗಿನ ಭಾಗವನ್ನಷ್ಟೇ ಮತ್ತೆ ಗುಂಪಿಗೆ ಹಾಕಿದೆ. “ದಯವಿಟ್ಟು ಇದನ್ನು ಓದಿ. ಚಿಕ್ಕಮ್ಮ, ನನ್ನನ್ನು ಕ್ಷಮಿಸಿ, ನಾನೂ ಫೋನ್ ಮಾಡಲಿಲ್ಲ” ಅಂತ ಬರೆದೆ.

“ಇದೂ ಅದರಲ್ಲೇ ಇತ್ತಾ?” ಅಂತ ಅತ್ತೆ ಕೇಳಿದರು.

ಭಾವ, “ಬರೆದವರು ಯಾರು? ಅವರ ಹೆಸರು ಸಿಕ್ಕರೆ ಚೆನ್ನಾಗಿತ್ತು” ಅಂದರು. ಅವರು ಆ ದಿನ ಮನಸ್ಸಿಟ್ಟು ಕೇಳಿದ ಪ್ರಶ್ನೆ ಅದು ಅಂತ ನನಗೆ ಅನಿಸಿತು. ಅತ್ತೆ ತಮಗೆ ಕಳಿಸಿದವರನ್ನು ಕೇಳಿದರು, ಅವರು ತಮಗೆ ಕಳಿಸಿದವರನ್ನು ಕೇಳಿದರು. ಹೆಸರು ಸಿಗಲಿಲ್ಲ.

ಸಂಜೆ ಚಿಕ್ಕಪ್ಪನ ನಂಬರಿನಿಂದ ಒಂದು ಧ್ವನಿ ಸಂದೇಶ ಬಂತು. ಮಾತಾಡಿದ್ದು ಚಿಕ್ಕಮ್ಮ. ಅವರು ಗುಂಪಿನಲ್ಲಿಲ್ಲ, ಯಾರೋ ಓದಿ ಹೇಳಿರಬೇಕು. ನಿಧಾನವಾಗಿ, ನಡುವೆ ನಿಲ್ಲಿಸಿ ನಿಲ್ಲಿಸಿ ಮಾತಾಡಿದ್ದರು.

“ಕಿಟಕಿ ವಿಷಯ ನನಗೆ ನೆನಪೇ ಇಲ್ಲ ಕಣೇ. ಅದು ಇವರ ಮನಸ್ಸಲ್ಲಿ ಕೂತಿದೆ. ನನಗೆ ನೆನಪಿರೋದು, ಅಕ್ಕ ಹಿತ್ತಲ ಬಾಗಿಲಿಂದ ಬಂದು ಮಗು ಇಸ್ಕೊಂಡು ಅಡುಗೆಮನೇಲಿ ಮಲಗಿಸಿದ್ದು. ಅಮ್ಮ ಹೋದ ದಿನ ಇಲ್ಲಿ ನಾವು ನಾಲ್ಕೇ ಜನ. ರಾತ್ರಿ ಒಂಬತ್ತಾಯ್ತು. ಪಕ್ಕದ ಮನೆಗಳಲ್ಲೆಲ್ಲ ಅದೇ ಹಾಡು ಕೇಳ್ತಿತ್ತು. ಅಮ್ಮನೂ ಹಿಂದಿನ ರಾತ್ರಿವರೆಗೆ ನೋಡಿದ್ರು. ಮುಂದೇನಾಗುತ್ತೆ ಅಂತ ಗೊತ್ತಿದ್ರೂ ಕೇಳ್ತಿದ್ರು, ನಾಳೆ ಏನು ಬರುತ್ತೆ ಅಂತ.”

ಇಲ್ಲಿ ಅಕ್ಕ ಅಂದರೆ ದೊಡ್ಡಮ್ಮ. ದೊಡ್ಡಮ್ಮ ಈಗ ಇಲ್ಲ.

ಆ ಧ್ವನಿ ಸಂದೇಶಕ್ಕೆ ಗುಂಪಿನಲ್ಲಿ ದೊಡ್ಡಪ್ಪ ಏನೂ ಬರೆಯಲಿಲ್ಲ. ಅದು ನನಗೆ ನೋವಾಯಿತು. ಆದರೆ ಎರಡು ದಿನ ಬಿಟ್ಟು ನಾನು ಚಿಕ್ಕಮ್ಮನಿಗೆ ಫೋನ್ ಮಾಡಿದಾಗ ಅವರೇ ಹೇಳಿದರು. ಅದೇ ರಾತ್ರಿ ಒಂಬತ್ತೂಕಾಲಿಗೆ ಶಿವಮೊಗ್ಗದಿಂದ ಫೋನ್ ಬಂದಿತ್ತಂತೆ. ಅಮ್ಮನಿಗೆ ಎಷ್ಟು ವಯಸ್ಸಾಗಿತ್ತು, ಕೊನೆಯ ದಿನ ಏನು ಊಟ ಮಾಡಿದರು, ಯಾರು ನೀರು ಬಿಟ್ಟರು ಅಂತ ದೊಡ್ಡಪ್ಪ ಒಂದೊಂದಾಗಿ ಕೇಳಿದರಂತೆ. ಆಮೇಲೆ ಫೋನನ್ನು ಚಿಕ್ಕಪ್ಪನಿಗೆ ಕೊಡು ಅಂದರಂತೆ.

ಅವರ ಮನೆಯಲ್ಲಿ ಟಿವಿ ಸದ್ದು ಕೇಳಿಸುತ್ತಿರಲಿಲ್ಲವಂತೆ.